ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಣ್ಣ: ಊರಿಗೆ ಹೋದ ಮೇಲೆ, ಅಮೆರಿಕದಲ್ಲಿ ಎನ್‌ಎಫ್‌ಎಲ್ ಫುಟ್ಬಾಲ್ ಮ್ಯಾಚ್ ನೋಡಿದೆ ಅಂತ ಯಾರ ಹತ್ರಾನೂ ಹೇಳಬೇಡ ಕಣೇ. ನೀನು ನೋಡಿದ್ದು ಪ್ರೀಸೀಸನ್, ಋತುವಿಗೆ ಮುಂಚಿನ ಅಭ್ಯಾಸ ಪಂದ್ಯ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ನಿಜವಾದ ಆಟ ಶುರುವಾಗೋದು ಸೆಪ್ಟೆಂಬರ್‌ನಲ್ಲಿ.

ತಂಗಿ: ಟಿಕೆಟ್ ಇತ್ತು, ಜನ ಇದ್ರು, ರೆಫರಿಗಳಿದ್ರು, ಟಿವಿಯವರಿದ್ರು. ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿದ ಸದ್ದು ನಾವು ಕೂತಿದ್ದ ಸಾಲಿಗೂ ಕೇಳಿಸ್ತು. ಇನ್ನೇನು ಬೇಕಿತ್ತು?

ಅಣ್ಣ: ಗೆಲ್ಲಲೇಬೇಕು ಅನ್ನೋ ಹಟ ಬೇಕಿತ್ತು. ನಮ್ಮ ಕ್ವಾರ್ಟರ್‌ಬ್ಯಾಕ್ ಟೋಪಿ ಹಾಕ್ಕೊಂಡು ಗೆರೆಯಾಚೆ ನಿಂತಿದ್ದ, ಒಂದು ಸಲಾನೂ ಒಳಗೆ ಬರಲಿಲ್ಲ. ಲಾಸ್ ಏಂಜಲೀಸ್ ರ‍್ಯಾಮ್ಸ್ ಕೋಚ್ ಶಾನ್ ಮೆಕ್‌ವೇ ಅಂತೂ ಮುಖ್ಯ ಆಟಗಾರರನ್ನ ಆಗಸ್ಟ್‌ನಲ್ಲಿ ಇಳಿಸೋದೇ ಇಲ್ಲ ಅನ್ನಬಹುದು. ಆಡೋ ತಂತ್ರಗಳನ್ನೂ ಬಚ್ಚಿಡ್ತಾರೆ, ಎದುರಾಳಿಗಳು ವಿಡಿಯೋ ನೋಡಿ ಕಲಿತುಬಿಡ್ತಾರೆ ಅಂತ. 2021ರಿಂದ ಪ್ರೀಸೀಸನ್‌ನಲ್ಲಿ ಓವರ್‌ಟೈಮ್ ಅನ್ನೋದೇ ಇಲ್ಲ. ಸಮ ಆಯ್ತಾ, ಕೈಕುಲುಕಿ ಮನೆಗೆ ಹೋಗ್ತಾರೆ. ಯಾರು ಗೆದ್ರು ಅನ್ನೋದು ಆಡೋರಿಗೇ ಬೇಡವಾದ ಮೇಲೆ ಅದು ಆಟ ಹೇಗಾಗುತ್ತೆ?

ತಂಗಿ: ಯಾರಿಗೂ ಬೇಡವಾ?

ಅಣ್ಣ: ಡೆಟ್ರಾಯ್ಟ್ ಲಯನ್ಸ್‌ನ ನೋಡು. 2008ರಲ್ಲಿ ಪ್ರೀಸೀಸನ್‌ನ ನಾಲ್ಕಕ್ಕೆ ನಾಲ್ಕೂ ಗೆದ್ರು. ಆಮೇಲೆ ಋತುವಿನ ಹದಿನಾರಕ್ಕೆ ಹದಿನಾರೂ ಸೋತ್ರು. 2017ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕಥೆಯೂ ಅದೇ, ಆಗಸ್ಟ್‌ನಲ್ಲಿ 4-0, ಕೊನೆಗೆ 0-16. ಈ ಕಡೆ ಬಾಲ್ಟಿಮೋರ್ ರೇವನ್ಸ್ ಸತತ 24 ಪ್ರೀಸೀಸನ್ ಪಂದ್ಯ ಗೆದ್ದು, 2023ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಕೈಲಿ ಒಂದೇ ಪಾಯಿಂಟಿಗೆ ಸೋತ್ರು. ವಿನ್ಸ್ ಲೊಂಬಾರ್ಡಿ ಕಾಲದ ಗ್ರೀನ್ ಬೇ ತಂಡದ 19ರ ಸರಣಿಯನ್ನೂ ಮೀರಿದ ಸಾಧನೆ ಅದು. ಅದಕ್ಕೊಂದು ಕಪ್ಪಿಲ್ಲ, ಅಂಕಪಟ್ಟಿಯಲ್ಲಿ ಜಾಗ ಇಲ್ಲ. ಫಲಿತಾಂಶಕ್ಕೆ ಬೆಲೆ ಇಲ್ಲದ ಕಡೆ ಸ್ಪರ್ಧೆಗೆ ಎಲ್ಲಿಂದ ಬೆಲೆ ಬರಬೇಕು?

ತಂಗಿ: ತಂಡದ ಫಲಿತಾಂಶ ಪೊಳ್ಳು ಅಂತ ನಾನೂ ಒಪ್ತೀನಿ. ಆದ್ರೆ ನಾಲ್ಕನೇ ಕ್ವಾರ್ಟರ್‌ನಲ್ಲಿ ನೀನು ಕಾರ್ ಪಾರ್ಕಿಂಗ್ ಜಾಗದಲ್ಲಿ ನೂಕುನುಗ್ಗಲು ಆಗೋ ಮುಂಚೆ ಹೊರಡೋಣ ಅಂತ ಎದ್ದು ನಿಂತಿದ್ದೆ, ನಾನು ಒಬ್ಬನ್ನೇ ನೋಡ್ತಾ ಇದ್ದೆ. ಅವನ ಬೆನ್ನ ಮೇಲಿದ್ದ ನಂಬರೇ ಇನ್ನೊಬ್ಬನ ಬೆನ್ನ ಮೇಲೂ ಇತ್ತು.

ಅಣ್ಣ: ತೊಂಬತ್ತು ಜನ ಇರ್ತಾರಲ್ಲ, ನಂಬರ್ ಸಾಲಲ್ಲ. ದಾಳಿಯ ಕಡೆ ಒಬ್ಬ, ರಕ್ಷಣೆಯ ಕಡೆ ಒಬ್ಬ, ಇಬ್ಬರಿಗೂ ಒಂದೇ ನಂಬರ್ ಕೊಡೋದಕ್ಕೆ ಪ್ರೀಸೀಸನ್‌ನಲ್ಲಿ ಅವಕಾಶ ಇದೆ.

ತಂಗಿ: ಅವರಲ್ಲಿ ಕಿಕ್‌ಆಫ್ ಆದಾಗೆಲ್ಲ ಓಡ್ತಿದ್ದೋನು. ಎಡಗೈಯ ಎರಡು ಬೆರಳು ಸೇರಿಸಿ ಟೇಪ್ ಸುತ್ತಿದ್ರು. ಬೆರಳು ಮುರಿದಾಗ ಇಲ್ಲಾ ಕೀಲು ತಪ್ಪಿದಾಗ ಪಕ್ಕದ ಬೆರಳನ್ನೇ ಆಸರೆ ಮಾಡಿ ಹಾಗೆ ಕಟ್ತೀವಿ. ಪ್ರತಿ ಸಲ ಎದ್ದಾಗಲೂ ಅವನು ಸ್ಕೋರ್‌ಬೋರ್ಡ್ ನೋಡ್ತಿರಲಿಲ್ಲ, ಕೋಚ್‌ಗಳು ನಿಂತಿರೋ ಕಡೆ ನೋಡ್ತಿದ್ದ. ಕೈ ಹಿಂದೆ ಇಟ್ಕೊಂಡು. ನಾನು ಫಿಸಿಯೋ ಅಣ್ಣ, ಕಬಡ್ಡಿ ಹುಡುಗರ ಜೊತೆ ಇಷ್ಟು ವರ್ಷದಿಂದ ಕೆಲಸ ಮಾಡ್ತಿದೀನಿ. ಸೆಲೆಕ್ಷನ್ ಟ್ರಯಲ್ಸ್ ದಿನ ಭುಜದ ನೋವನ್ನ ನನ್ನಿಂದಲೇ ಮುಚ್ಚಿಡೋ ಹುಡುಗರನ್ನ ಕಂಡಿದೀನಿ. ಹೇಗಿದೆ ಅಂತ ಕೇಳಿದ್ರೆ ನಗ್ತಾರೆ, ಕೈ ಎತ್ತು ಅಂದ್ರೆ ಹಲ್ಲು ಕಚ್ಚಿ ಎತ್ತಿ ತೋರಿಸ್ತಾರೆ. ಆ ಹುಡುಗನ ನಿಲುವು ಅದೇ. ಅವನಿಗೆ ಇವತ್ತಿನದು ವರ್ಷದ ದೊಡ್ಡ ಪಂದ್ಯ.

ಅಣ್ಣ: ಅದನ್ನ ಇಲ್ಲ ಅನ್ನಲ್ಲ. ಆಗಸ್ಟ್ ಕೊನೆಗೆ 90 ಜನರನ್ನ 53ಕ್ಕೆ ಇಳಿಸಬೇಕು. 32 ತಂಡ, ತಂಡಕ್ಕೆ 37 ಜನ. ಹತ್ತಿರ ಹತ್ತಿರ 1,200 ಜನ ಒಂದೇ ಹೊತ್ತಿಗೆ ಕೆಲಸ ಕಳ್ಕೊತಾರೆ. ಕೆಲವರನ್ನ ಅಭ್ಯಾಸದ ಬಳಗಕ್ಕೆ ವಾಪಸ್ ಕರೀತಾರೆ, ಉಳಿದೋರು ಗಂಟುಮೂಟೆ ಕಟ್ಟಬೇಕು. ಬೆಳಿಗ್ಗೆ ಒಬ್ಬ ಸಿಬ್ಬಂದಿ ಬಂದು, ಕೋಚ್ ಕರೀತಿದ್ದಾರೆ, ಪ್ಲೇಬುಕ್ ತಗೊಂಡು ಬಾ ಅಂತಾನೆ. ಪ್ಲೇಬುಕ್ ಅಂದ್ರೆ ತಂಡದ ತಂತ್ರಗಳ ಪುಸ್ತಕ, ಅದರ ಹೆಸರು ಎತ್ತಿದ ಕೂಡಲೇ ಗೊತ್ತಾಗುತ್ತೆ ಮುಗೀತು ಅಂತ. ಆಟಗಾರರು ಆ ಸಿಬ್ಬಂದಿಗೆ ಟರ್ಕ್ ಅಂತ ಹೆಸರಿಟ್ಟಿದ್ದಾರೆ. ಆದ್ರೆ ನೀನು ಹೇಳ್ತಿರೋದು ಪರೀಕ್ಷೆಯ ವಿಷಯ. ಪರೀಕ್ಷೆಯಲ್ಲೂ ಬೆವರು ಬರುತ್ತೆ, ಭವಿಷ್ಯ ನಿರ್ಧಾರ ಆಗುತ್ತೆ. ಅಷ್ಟಕ್ಕೇ ಅದು ಕ್ರೀಡೆ ಆಗಲ್ಲ. ಕ್ರೀಡೆ ಅಂದ್ರೆ ಎದುರಿಗೊಬ್ಬ ಇರಬೇಕು, ಅವನನ್ನ ಸೋಲಿಸೋಕೆ ನೋಡಬೇಕು.

ತಂಗಿ: ಎದುರಿಗೊಬ್ಬ ಇದ್ದಾನಲ್ಲ. ಅವನದೇ ಜಾಗಕ್ಕೆ ಆಡೋ, ಅವನದೇ ಅಂಗಿ ತೊಟ್ಟೋನು. ಈ ಪಂದ್ಯಗಳಲ್ಲಿ ತಂಡಕ್ಕೆ ಎದುರಾಳಿ ಆ ಕಡೆಯವರು, ಆಟಗಾರನಿಗೆ ಎದುರಾಳಿ ಪಕ್ಕದ ಬೆಂಚಲ್ಲಿ ಕೂತಿರೋನು. ತಂಡ ಅರ್ಧ ಮನಸ್ಸಿಂದ ಆಡ್ತಿದೆ, ಒಪ್ಪಿದೆ. ಆಟಗಾರ ಪೂರ್ತಿ ಆಡ್ತಿದ್ದಾನೆ.

ಅಣ್ಣ: ಸರಿ, ಆ ದಿಕ್ಕಿನಲ್ಲಿ ಯೋಚನೆ ಮಾಡಿದ್ರೆ ನನಗೂ ಒಂದು ನೆನಪಾಗುತ್ತೆ. ಟೆರೆಲ್ ಡೇವಿಸ್ ಅಂತ ಡೆನ್ವರ್ ತಂಡದ ಓಟಗಾರ. 1995ರ ಡ್ರಾಫ್ಟ್‌ನಲ್ಲಿ ಆರನೇ ಸುತ್ತಿನಲ್ಲಿ, 196ನೆಯವನಾಗಿ ಆಯ್ಕೆಯಾದೋನು. ಅಂಥವರು ತಂಡದಲ್ಲಿ ಉಳಿಯೋದೇ ಅನುಮಾನ. ಆ ಆಗಸ್ಟ್‌ನಲ್ಲಿ ಟೋಕಿಯೋದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿರುದ್ಧ ಪ್ರೀಸೀಸನ್ ಪಂದ್ಯ. ಅವನು ಓಟಗಾರ, ಚೆಂಡು ಹಿಡ್ಕೊಂಡು ಓಡೋದು ಅವನ ಕೆಲಸ. ಅವತ್ತು ಕಿಕ್‌ಆಫ್ ತಂಡಕ್ಕೆ ಸೇರಿಸಿದ್ರು. ಚೆಂಡು ಹಿಡಿದು ಬರ್ತಿದ್ದೋನಿಗೆ ಓಡಿ ಹೋಗಿ ಹೊಡೆದ ನೋಡು, ಅವನು ಬಂದ ದಿಕ್ಕಿಗೇ ಹಿಂದಕ್ಕೆ ಬಿದ್ದ. ಆ ಒಂದು ಹೊಡೆತಕ್ಕೆ ಕೋಚ್‌ಗಳು ಅವನ ಕಡೆ ನೋಡೋಕೆ ಶುರುಮಾಡಿದ್ರು. 1998ರಲ್ಲಿ ಅವನು ಒಂದೇ ಋತುವಲ್ಲಿ 2,008 ಯಾರ್ಡ್ ಓಡಿದ. ಎರಡು ಸೂಪರ್ ಬೌಲ್ ಗೆದ್ದ. 2017ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ತಂಗಿ: ಆ ಹೊಡೆತ ಅವನ ದಾಖಲೆಯಲ್ಲಿ ಇದೆಯಾ?

ಅಣ್ಣ: ಇಲ್ಲ. ಪ್ರೀಸೀಸನ್ ಅಂಕಿಅಂಶ ವೃತ್ತಿಯ ಲೆಕ್ಕಕ್ಕೆ ಸೇರಲ್ಲ.

ತಂಗಿ: ಅವನ ವೃತ್ತಿಯನ್ನ ಶುರುಮಾಡಿಕೊಟ್ಟ ಆಟ ಅವನ ವೃತ್ತಿಗೇ ಸೇರಲ್ಲ. ಇದು ಸರೀನಾ ಅಣ್ಣ?

ಅಣ್ಣ: ಅದು ಲೆಕ್ಕದ ಶಿಸ್ತು ಕಣೇ. ಕ್ರಿಕೆಟ್‌ನಲ್ಲೂ ಹಾಗೇ ಅಲ್ವಾ? ವಿಶ್ವಕಪ್‌ಗೆ ಮುಂಚೆ ಆಡೋ ಅಭ್ಯಾಸ ಪಂದ್ಯದಲ್ಲಿ ತಂಡದ 15 ಜನರನ್ನೂ ಬಳಸ್ಕೋತಾರೆ. ಅಲ್ಲಿ ಶತಕ ಹೊಡೆದ್ರೆ ಯಾರ ಶತಕದ ಪಟ್ಟಿಗೂ ಸೇರಲ್ಲ. ಯಾರಾದ್ರೂ ಬೇಜಾರು ಮಾಡ್ಕೊಂಡಿದ್ದಾರಾ?

ತಂಗಿ: ನಾರಿ ಕಾಂಟ್ರಾಕ್ಟರ್ ನೆನಪಿದೆಯಾ? ಅಪ್ಪ ಹೇಳ್ತಿದ್ರು. 1962ರಲ್ಲಿ ಭಾರತದ ನಾಯಕನಾಗಿ ವೆಸ್ಟ್ ಇಂಡೀಸಿಗೆ ಹೋಗಿದ್ದಾಗ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ತಲೆಗೆ ಬಡಿದು ಬುರುಡೆ ಬಿರುಕು ಬಿಡ್ತು. ಫ್ರಾಂಕ್ ವೊರೆಲ್ ರಕ್ತ ಕೊಟ್ರು. ಕಾಂಟ್ರಾಕ್ಟರ್ ಬದುಕಿದ್ರು, ಆದ್ರೆ ಮತ್ತೆ ಟೆಸ್ಟ್ ಆಡಲಿಲ್ಲ. 21 ವರ್ಷದ ಪಟೌಡಿ ನಾಯಕ ಆದ್ರು. ಅದು ಟೆಸ್ಟ್ ಅಲ್ಲ, ಟೆಸ್ಟ್‌ಗಳ ನಡುವೆ ಬಂದ ಪ್ರವಾಸ ಪಂದ್ಯ. ಭಾರತದ ಕ್ರಿಕೆಟ್ ಚರಿತ್ರೆಯ ದಿಕ್ಕು ತಿರುಗಿದ್ದು ಯಾರೂ ಮುಖ್ಯ ಅಂದುಕೊಳ್ಳದ ಒಂದು ಮಧ್ಯಾಹ್ನ.

ಅಣ್ಣ: ಆದ್ರೆ ಅದು ಫಸ್ಟ್ ಕ್ಲಾಸ್ ಪಂದ್ಯ. ಲೆಕ್ಕಕ್ಕಿತ್ತು.

ತಂಗಿ: ನಾನು ಹೇಳೋದೂ ಅದನ್ನೇ. ಟೆಸ್ಟ್ ಅಲ್ಲದಿದ್ರೂ ಅದನ್ನ ಬರೆದಿಡೋಕೆ ಕ್ರಿಕೆಟ್ಟಿನಲ್ಲಿ ಬೇರೆ ಖಾತೆ ಇತ್ತು. ಆ ಪಂದ್ಯದಲ್ಲಿ ಓಡಿದ ಓಟ, ಬಿದ್ದ ವಿಕೆಟ್ ಎಲ್ಲ ಆಟಗಾರನ ಹೆಸರಿಗೆ ಜಮೆ ಆಯ್ತು. ಎನ್‌ಎಫ್‌ಎಲ್ ಆ ಮಟ್ಟಿಗೂ ಮಾಡಿಲ್ಲ. ಡ್ಯಾರಿಲ್ ಸ್ಟಿಂಗ್ಲಿ ಹೆಸರು ಕೇಳಿದೀಯಾ?

ಅಣ್ಣ: ಕೇಳಿದೀನಿ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ನಾನು ಈ ದೇಶಕ್ಕೆ ಬರೋಕೆ ಎಷ್ಟೋ ಮುಂಚೆ.

ತಂಗಿ: ಬೆನ್ನುಹುರಿಯ ಪೆಟ್ಟು ಓದುವಾಗ ನನಗೆ ಸಿಕ್ಕ ಹೆಸರು ಅದು. 1978ರ ಆಗಸ್ಟ್ 12, ಓಕ್ಲ್ಯಾಂಡ್. ಪ್ರೀಸೀಸನ್ ಪಂದ್ಯ. ಅವರಿಗೆ 26 ವರ್ಷ. ಮೈದಾನದ ನಡುವಿಗೆ ಓರೆಯಾಗಿ ಓಡ್ತಿದ್ರು, ಚೆಂಡು ಎತ್ತರಕ್ಕೆ ಬಂತು, ಎರಡೂ ಕೈ ಚಾಚಿ ಹಾರಿದ್ರು. ಸಿಗಲಿಲ್ಲ. ಮುಂದಕ್ಕೆ ಬಾಗಿ ಇಳಿಯೋ ಹೊತ್ತಿಗೆ ಜಾಕ್ ಟೇಟಮ್ ಎದುರಿಂದ ಬಂದು ಗುದ್ದಿದ್ರು. ಕತ್ತಿನ ನಾಲ್ಕನೇ, ಐದನೇ ಕಶೇರುಕ ಮುರೀತು. ಆ ಮಟ್ಟದಲ್ಲಿ ಹುರಿ ಜಜ್ಜಿದ್ರೆ ಏನಾಗುತ್ತೆ ಗೊತ್ತಾ? ಭುಜ ಒಂಚೂರು ಅಲ್ಲಾಡಬಹುದು, ಕೈಬೆರಳು, ಎದೆ, ಸೊಂಟ, ಕಾಲು ಯಾವುದೂ ಮಾತು ಕೇಳಲ್ಲ. ಉಸಿರು ಎಳೆಯೋದೇ ಒಂದು ಕೆಲಸ ಆಗುತ್ತೆ. ಕೆಮ್ಮೋಕೂ ಇನ್ನೊಬ್ಬರು ಹೊಟ್ಟೆ ಒತ್ತಬೇಕು. ರೆಫರಿ ಬಾವುಟ ಎಸೀಲಿಲ್ಲ, ಆಗಿನ ನಿಯಮದಲ್ಲಿ ಆ ಹೊಡೆತ ತಪ್ಪಲ್ಲ. 2007ರಲ್ಲಿ ತೀರಿಕೊಳ್ಳೋವರೆಗೂ ಅವರು ಗಾಲಿಕುರ್ಚಿಯಲ್ಲೇ ಇದ್ರು. ಇಪ್ಪತ್ತೆಂಟು ವರ್ಷಕ್ಕೂ ಮೀರಿ. ಆ ಪಂದ್ಯ ನಿಜವಾದ ಆಟ ಅಲ್ಲ ಅಂತ ನನ್ನ ಬಾಯಲ್ಲಿ ಹೇಳಿಸಬೇಡ.

ಅಣ್ಣ: ಹೇಳಿಸಲ್ಲ. ಆದ್ರೆ ಇದೇ ಕಾರಣಕ್ಕೆ ಪ್ರೀಸೀಸನ್ ಕಮ್ಮಿ ಇರಬೇಕು ಅಂತಾನೂ ವಾದ ಮಾಡಬಹುದು. 1977ರವರೆಗೆ ತಂಡಕ್ಕೆ ಆರು ಪ್ರೀಸೀಸನ್, ಹದಿನಾಲ್ಕು ಲೀಗ್ ಪಂದ್ಯ ಇರ್ತಿತ್ತು. ನೀನು ಹೇಳಿದ ಆ 1978ರಿಂದಲೇ ನಾಲ್ಕು ಮತ್ತು ಹದಿನಾರು ಆಯ್ತು. 2021ರಿಂದ ಮೂರು ಮತ್ತು ಹದಿನೇಳು. ಇನ್ನೊಂದು ಹೇಳ್ತೀನಿ. 2023ರ ಜನವರಿಯಲ್ಲಿ ಬಫಲೋ ತಂಡದ ಡಮಾರ್ ಹ್ಯಾಮ್ಲಿನ್ ಮೈದಾನದಲ್ಲೇ ಹೃದಯ ನಿಂತು ಕುಸಿದಾಗ ಪಂದ್ಯ ರದ್ದಾಯ್ತು ನಿಜ, ಆದ್ರೆ ಅದು ಲೀಗ್ ಪಂದ್ಯ ಆಗಿದ್ರಿಂದ ಪ್ಲೇಆಫ್ ನಿಯಮವನ್ನೇ ತಿದ್ದಬೇಕಾಯ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಗ್ರೀನ್ ಬೇಯಲ್ಲಿ ನ್ಯೂ ಇಂಗ್ಲೆಂಡಿನ ಹೊಸ ಹುಡುಗ ಐಸಾಯಾ ಬೋಲ್ಡನ್ ಪೆಟ್ಟು ತಿಂದು ಸ್ಟ್ರೆಚರ್ ಮೇಲೆ ಹೋದಾಗ ಎರಡೂ ಕಡೆಯ ಕೋಚ್‌ಗಳು ಮಾತಾಡಿಕೊಂಡು ಅಲ್ಲಿಗೇ ನಿಲ್ಲಿಸಿದ್ರು. ಮಾರನೇ ದಿನ ಅವನನ್ನ ಆಸ್ಪತ್ರೆಯಿಂದ ಕಳಿಸಿದ್ರು. ಫಲಿತಾಂಶಕ್ಕೆ ಬೆಲೆ ಇಲ್ಲದ್ದರಿಂದಲೇ ಅಷ್ಟು ಸುಲಭವಾಗಿ ಮನುಷ್ಯತ್ವ ತೋರಿಸೋಕಾಯ್ತು. ಇದು ಪ್ರೀಸೀಸನ್‌ನ ಒಳ್ಳೇ ಗುಣ ಅಂತ ನಾನು ನಿಜವಾಗಲೂ ನಂಬ್ತೀನಿ.

ತಂಗಿ: ಒಳ್ಳೇ ಮಾತು. ನಾನು ಹಾಗೆ ಯೋಚಿಸಿರಲಿಲ್ಲ. ಆದ್ರೆ ನಿಲ್ಲಿಸೋದು ಸುಲಭ ಅಂದ್ರೆ ಪೆಟ್ಟು ಸಣ್ಣದು ಅಂತ ಅರ್ಥ ಅಲ್ಲ. ಮೊಣಕಾಲಿನ ಲಿಗಮೆಂಟಿಗೆ ಇದು ಆಗಸ್ಟೋ ಜನವರಿಯೋ ಗೊತ್ತಾಗಲ್ಲ.

ಅಣ್ಣ: ಮೊಣಕಾಲು ಅಂದ್ಯಲ್ಲ, ಆ ಕಥೆ ಕೇಳಿದ್ರೆ ನಿನ್ನ ಪಕ್ಷಕ್ಕೇ ಬಲ ಬರುತ್ತೆ, ಆದ್ರೂ ಹೇಳ್ತೀನಿ. 1994ರಲ್ಲಿ ಗ್ರೀನ್ ಬೇ ಶಿಬಿರದಿಂದ ಕರ್ಟ್ ವಾರ್ನರ್ ಅನ್ನೋ ಕ್ವಾರ್ಟರ್‌ಬ್ಯಾಕ್‌ನ ಋತುವಿಗೆ ಮುಂಚೆ ತೆಗೆದುಹಾಕಿದ್ರು. ಅವನು ಅಯೋವಾಗೆ ವಾಪಸ್ ಹೋಗಿ ಹೈ-ವೀ ದಿನಸಿ ಅಂಗಡಿಯಲ್ಲಿ ರಾತ್ರಿಪಾಳಿಗೆ ಸೇರಿದ, ಗಂಟೆಗೆ ಐದೂವರೆ ಡಾಲರ್, ಕಪಾಟಿಗೆ ಸಾಮಾನು ಜೋಡಿಸೋ ಕೆಲಸ. ಆಮೇಲೆ ಒಳಾಂಗಣ ಫುಟ್ಬಾಲ್ ಆಡ್ಕೊಂಡು, ಯುರೋಪಿಗೂ ಹೋಗಿ ಬಂದು ಸೇಂಟ್ ಲೂಯಿಸ್ ರ‍್ಯಾಮ್ಸ್‌ನಲ್ಲಿ ಮೀಸಲು ಆಟಗಾರನಾದ. 1999ರ ಆಗಸ್ಟ್ 28, ಸ್ಯಾನ್ ಡಿಯೇಗೋ ವಿರುದ್ಧ ಪ್ರೀಸೀಸನ್. ಮುಖ್ಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್‌ನ ಮೊಣಕಾಲಿಗೆ ರಾಡ್ನಿ ಹ್ಯಾರಿಸನ್ ಬಡಿದ, ಗ್ರೀನ್‌ನ ಇಡೀ ಋತು ಹೋಯ್ತು. ಕೋಚ್ ಡಿಕ್ ವರ್ಮೀಲ್ ಪತ್ರಕರ್ತರ ಮುಂದೆ ಕಣ್ಣೀರು ಹಾಕಿದ್ರು. ವಾರ್ನರ್ ಕೈಗೆ ಚೆಂಡು ಕೊಡದೆ ಬೇರೆ ದಾರಿ ಇರಲಿಲ್ಲ. ಅವನು ಆ ಋತುವಲ್ಲಿ 41 ಟಚ್‌ಡೌನ್ ಪಾಸ್ ಎಸೆದ, ಎಂವಿಪಿ, ಅಂದ್ರೆ ವರ್ಷದ ಶ್ರೇಷ್ಠ ಆಟಗಾರ ಆದ, ಟೆನ್ನೆಸ್ಸೀ ತಂಡವನ್ನ 23-16ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದ. ಆ ವರ್ಷದ ಚಾಂಪಿಯನ್ ಯಾರು ಅನ್ನೋದು ಒಂಥರಾ ಆಗಸ್ಟ್‌ನಲ್ಲೇ ಗೊತ್ತಾಗಿತ್ತು.

ತಂಗಿ: ಗ್ರೀನ್ ಕಥೆ?

ಅಣ್ಣ: ಮತ್ತೆ ಆಡಿದ, ಕ್ಯಾನ್ಸಸ್ ಸಿಟಿಯಲ್ಲಿ ಒಳ್ಳೇ ವರ್ಷಗಳನ್ನ ಕಂಡ. ಆದ್ರೆ ಚಾಂಪಿಯನ್ನರಿಗೆ ಸಿಗೋ ಆ ಉಂಗುರದ ಋತು ಅವನದಾಗಬೇಕಿತ್ತು. ನೋಡು, ನನ್ನ ಸಿಟ್ಟು ಆಟಗಾರರ ಮೇಲಲ್ಲ. ನನ್ನ ಹತ್ರ ಸೀಸನ್ ಟಿಕೆಟ್ ಇದೆ. ಬೇಕಾಗಲಿ ಬಿಡಲಿ, ಪ್ರೀಸೀಸನ್ ಟಿಕೆಟ್ ಅದಕ್ಕೆ ಗಂಟು ಹಾಕಿರ್ತಾರೆ. ದಶಕಗಟ್ಟಲೆ ಈ ದೇಶದ ಅಭಿಮಾನಿಗಳು ಅಭ್ಯಾಸಕ್ಕೂ ಪೂರ್ತಿ ದುಡ್ಡು ತೆತ್ತಿದ್ದಾರೆ. ಬಫಲೋ ತಂಡದ ಟಿಕೆಟ್ ಕೊಳ್ತಿದ್ದ ಒಬ್ಬರು ಎಪ್ಪತ್ತರ ದಶಕದಲ್ಲಿ ಕೋರ್ಟಿಗೂ ಹೋದ್ರು. ಬೇಡದ ಮಾಲನ್ನ ಬೇಕಾದ ಮಾಲಿನ ಜೊತೆ ಕಟ್ಟಿ ಮಾರೋದು ಸ್ಪರ್ಧಾ ಕಾನೂನಿಗೆ ವಿರುದ್ಧ ಅಂತ. 1974ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಆ ಊರಲ್ಲಿ ವೃತ್ತಿಪರ ಫುಟ್ಬಾಲ್ ಮಾರೋರು ಇವರೊಬ್ಬರೇ, ಇದರಿಂದ ಪೆಟ್ಟು ತಿನ್ನೋಕೆ ಬೇರೆ ಸ್ಪರ್ಧಿಯೇ ಇಲ್ಲ ಅಂತ. 2014ರಿಂದ ಪಂದ್ಯಕ್ಕೆ ತಕ್ಕ ದರ ಇಡೋಕೆ ಲೀಗ್ ಬಿಟ್ಟ ಮೇಲೆ ಕೆಲವು ತಂಡಗಳು ಬೆಲೆ ಇಳಿಸಿದ್ವು. ಲೀಗಿನ ಕಮಿಷನರ್ ರೋಜರ್ ಗುಡೆಲ್ ಅವರೇ ಪ್ರೀಸೀಸನ್ ಗುಣಮಟ್ಟ ಸಾಲದು ಅಂತ ಎಷ್ಟೋ ಸಲ ಹೇಳಿದ್ದಾರೆ. ಮಾರೋನೇ ಮಾಲು ಸರಿಯಿಲ್ಲ ಅಂದ ಮೇಲೆ ಕೊಳ್ಳೋನು ನಿಜವಾದ ಆಟ ಅಂತ ಯಾಕೆ ಒಪ್ಪಬೇಕು?

ತಂಗಿ: ನಿನ್ನ ಸಿಟ್ಟು ನನಗೆ ಪೂರ್ತಿ ಸರಿ ಅನ್ಸುತ್ತೆ. ಆದ್ರೆ ನೀನೇ ಹೇಳಿದ್ದನ್ನ ಜೋಡಿಸಿ ನೋಡು. ಟಿಕೆಟ್ ಮಾರುವಾಗ ಇದು ನಿಜವಾದ ಆಟ. ಟಿವಿ ಹಕ್ಕು ಕೊಡುವಾಗ ನಿಜವಾದ ಆಟ.

ಅಣ್ಣ: ಹೊರದೇಶದಲ್ಲಿ ಮಾರುಕಟ್ಟೆ ಹುಡುಕುವಾಗಲೂ. 1994ರಲ್ಲಿ ಮೆಕ್ಸಿಕೋ ಸಿಟಿಯ ಅಜ್ಟೆಕಾದಲ್ಲಿ ಡಲ್ಲಸ್-ಹ್ಯೂಸ್ಟನ್ ಆಡಿದಾಗ 1,12,376 ಜನ ಸೇರಿದ್ರು. ಅದೂ ಪ್ರೀಸೀಸನ್ನೇ. ಹೊಸ ನಿಯಮ ಪರೀಕ್ಷಿಸೋಕೂ ಇದೇ ಬೇಕು. ಟಚ್‌ಡೌನ್ ಆದ ಮೇಲಿನ ಕಿಕ್‌ನ ದೂರಕ್ಕೆ ಒಯ್ದು ನೋಡಿದ್ದು 2014ರ ಪ್ರೀಸೀಸನ್‌ನಲ್ಲಿ, ಮುಂದಿನ ವರ್ಷ ಅದು ಖಾಯಂ ಆಯ್ತು.

ತಂಗಿ: ಆಟಗಾರನ ಹೆಸರಿಗೆ ಬರೆಯುವಾಗ, ಅವನಿಗೆ ಕೂಲಿ ಕೊಡುವಾಗ ಮಾತ್ರ ಇದು ಅಭ್ಯಾಸ ಆಗಿಬಿಡುತ್ತೆ. ಪ್ರೀಸೀಸನ್‌ನಲ್ಲಿ ಅವರಿಗೆ ಏನು ಕೊಡ್ತಾರೆ?

ಅಣ್ಣ: ಶಿಬಿರದ ಭತ್ಯೆ, ಊಟ, ವಸತಿ. ಒಪ್ಪಂದದ ಸಂಬಳ ಕೈಗೆ ಬರೋದು ಲೀಗ್ ಪಂದ್ಯಗಳು ಶುರುವಾದ ಮೇಲೆ. ಅದಕ್ಕೆ ಮುಂಚೆ ತೆಗೆದುಹಾಕಿದ್ರೆ, ಸೇರುವಾಗ ಏನಾದ್ರೂ ಖಾತರಿ ಕೊಟ್ಟಿದ್ರೆ ಅಷ್ಟು, ಇಲ್ಲದಿದ್ರೆ ಇಲ್ಲ.

ತಂಗಿ: ಇವತ್ತಿನ ನಾಲ್ಕನೇ ಕ್ವಾರ್ಟರ್ ಪೂರ್ತಿ ಆಡಿದ್ದು ಅಂಥವರೇ ಅಲ್ವಾ?

ಅಣ್ಣ: ಅವರೇ. ಆದ್ರೆ ನೀನು ಒಂದು ಮರೀತಿದೀಯ. ಲೀಗಿಗೂ ಆಟಗಾರರ ಸಂಘಕ್ಕೂ ಆದ 2020ರ ಒಪ್ಪಂದದ ಪ್ರಕಾರ ಲೀಗಿನ ಒಟ್ಟು ವರಮಾನದಲ್ಲಿ ನೂರಕ್ಕೆ ಕನಿಷ್ಠ 48 ಪಾಲು ಆಟಗಾರರಿಗೆ ಹೋಗ್ಬೇಕು. ಆ ವರಮಾನದಲ್ಲಿ ಆಗಸ್ಟ್‌ನ ಟಿಕೆಟ್ಟೂ ಸೇರಿದೆ. ಅಂದ ಮೇಲೆ ಆಟಗಾರರಿಗೆ ಪ್ರೀಸೀಸನ್ ದುಡ್ಡು ಬರಲ್ಲ ಅನ್ನೋದು ಪೂರ್ತಿ ಸರಿಯಲ್ಲ.

ತಂಗಿ: ಯಾವ ಆಟಗಾರರಿಗೆ? ಸೆಪ್ಟೆಂಬರ್‌ನಲ್ಲಿ ಉಳಿದೋರಿಗೆ. ಟೋಪಿ ಹಾಕ್ಕೊಂಡು ಗೆರೆಯಾಚೆ ನಿಂತಿದ್ದನಲ್ಲ ನಿಮ್ಮ ಕ್ವಾರ್ಟರ್‌ಬ್ಯಾಕ್, ಅವನಿಗೆ ಇವತ್ತಿನ ಟಿಕೆಟ್ ದುಡ್ಡಿನ ಪಾಲು ಹೋಗುತ್ತೆ. ಬೆರಳಿಗೆ ಟೇಪ್ ಸುತ್ಕೊಂಡು ಓಡಿದೋನನ್ನ ಮುಂದಿನ ವಾರ ಕಳಿಸಿಬಿಟ್ರೆ ಅವನಿಗೆ ಹೋಗಲ್ಲ. ಆಡದೋನಿಗೆ ಲೆಕ್ಕ ಇದೆ, ಆಡಿದೋನಿಗೆ ಇಲ್ಲ.

ಅಣ್ಣ: ಹ್ಞೂಂ. ಇದನ್ನ ಹೀಗೆ ಯಾರೂ ನನಗೆ ಹೇಳಿರಲಿಲ್ಲ. ಆದ್ರೆ ಪ್ರೀಸೀಸನ್ನಿಗೂ ಸಂಬಳ ಕೊಡಬೇಕು ಅಂದ್ರೆ ಮಾಲೀಕರು ಏನು ಮಾಡ್ತಾರೆ ಗೊತ್ತಾ? ಶಿಬಿರಕ್ಕೆ ಕರೆಯೋದನ್ನೇ ಕಮ್ಮಿ ಮಾಡ್ತಾರೆ. 2020ರಲ್ಲಿ ಕೋವಿಡ್‌ನಿಂದ ಪ್ರೀಸೀಸನ್ ರದ್ದಾದಾಗ ಶಿಬಿರದ ಸಂಖ್ಯೆ 90ರಿಂದ 80ಕ್ಕೆ ಇಳೀತು. ತಂಡಕ್ಕೆ ಹತ್ತು ಅಂದ್ರೆ 320 ಜನಕ್ಕೆ ಅವಕಾಶವೇ ಹೋಯ್ತು. ನೀನು ನ್ಯಾಯ ಕೊಡಿಸೋಕೆ ಹೊರಟಿರೋದು ಅವರಿಗೇ ಮುಳುವಾದ್ರೆ?

ತಂಗಿ: ಆ ವರ್ಷ ಆಡೋಕೆ ಪಂದ್ಯವೇ ಇಲ್ಲದೆ ಹೊಸಬರಿಗೆ ತೋರಿಸೋಕೆ ಒಂದು ವಿಡಿಯೋ ತುಣುಕೂ ಇರಲಿಲ್ಲ. ಒಂದು ತಂಡ ಬಿಟ್ರೆ ಇನ್ನೊಂದು ತಂಡ ನೋಡಿ ಕರೆಯೋದು ಆ ತುಣುಕು ಇದ್ರೇನೇ ಅಲ್ವಾ? ಅದಕ್ಕೇ ನಾನು ಈ ಪಂದ್ಯಗಳನ್ನ ನಿಲ್ಲಿಸಿ ಅನ್ನಲ್ಲ. ಬೇಕು ಅಂತೀನಿ. ತೊಂಬತ್ತನ್ನ ತೊಂಬತ್ತೇ ಇಡಬೇಕು ಅಂತ ಅದೇ ಒಪ್ಪಂದದಲ್ಲಿ ಬರೆಸಲಿ. ಆಡಿದ ಪ್ರತಿಯೊಬ್ಬನಿಗೂ ಆ ದಿನದ ಕೂಲಿ ಕೊಡಲಿ, ಅವನು ಮಾಡಿದ್ದನ್ನ ಅವನ ಹೆಸರಿಗೆ ಬೇರೆ ಖಾತೆಯಲ್ಲಾದ್ರೂ ಬರೆಯಲಿ. ನಿನ್ನ ಟಿಕೆಟ್ ದರ ಅರ್ಧ ಮಾಡಲಿ, ಅದಕ್ಕೂ ನನ್ನ ಒಪ್ಪಿಗೆ ಇದೆ. ದುಡ್ಡು ಎಷ್ಟಾಗುತ್ತೆ, ನೀನೇ ಲೆಕ್ಕ ಹಾಕು.

ಅಣ್ಣ: ತಾಳು. 2024ರ ದರ ಹಿಡಿಯೋಣ. ಹೊಸಬನ ಕನಿಷ್ಠ ಸಂಬಳ ವರ್ಷಕ್ಕೆ 7,95,000 ಡಾಲರ್. ಹದಿನೇಳು ಪಂದ್ಯಕ್ಕೆ ಹಂಚಿದ್ರೆ ಪಂದ್ಯಕ್ಕೆ 46,765 ಹತ್ರ. ಕೊನೆಗೆ ಹೊರಹೋಗೋ 37 ಜನಕ್ಕೆ, ಮೂರು ಪಂದ್ಯಕ್ಕೆ... 52 ಲಕ್ಷ ಡಾಲರ್ ಚಿಲ್ಲರೆ ಕಮ್ಮಿ. ಆ ವರ್ಷ ಒಂದು ತಂಡ ಸಂಬಳಕ್ಕೆ ಖರ್ಚು ಮಾಡಬಹುದಾಗಿದ್ದ ಮಿತಿ 25 ಕೋಟಿ 54 ಲಕ್ಷ.

ತಂಗಿ: ನೂರಕ್ಕೆ ಎಷ್ಟು ಬಿತ್ತು?

ಅಣ್ಣ: ಎರಡು.